ಒಲೆ ಮುಟ್ಟಬೇಡ

ಒಲೆ ಮುಟ್ಟಬೇಡ ಎಂದಿದ್ದಾನೆ ಅಪ್ಪ,
ಮೈಕ್ರೋವೇವ್ ಬಗ್ಗೆ ಏನೂ ಹೇಳಿಲ್ಲ.

ಡುಲೂತ್‌ನಲ್ಲಿ ನಾಲ್ಕೂವರೆಗೇ ಕತ್ತಲು.
ಮಾರೆನ್ ಸ್ಟೂಲು ಹತ್ತಿ
ಬೀನ್ಸಿನ ತೊಟ್ಟು ಮುರಿಯುತ್ತಾಳೆ, ಚಟ್ ಚಟ್,
ನಾರು ಬಂದರೆ ಎಳೆಯುತ್ತಾಳೆ, ಬಾರದಿದ್ದರೆ ಬಿಡುತ್ತಾಳೆ.
ಎರಡು ಚಮಚ ನೀರು. ಮೇಲೊಂದು ತಟ್ಟೆ ಬೋರಲು.
ಮೂರು ನಿಮಿಷ.

ಹಳದಿ ಬೆಳಕಲ್ಲಿ ಬಟ್ಟಲು ತಿರುಗುತ್ತದೆ
ಬಂದರಿನಲ್ಲಿ ಅದಿರು ಹಡಗು ತಿರುಗುವ ಹಾಗೆ,
ಅವಸರವೇ ಇಲ್ಲ ಅದಕ್ಕೆ.
ಗಾಜಿಗೆ ಮೂಗೊತ್ತಿ ಕಾಯುತ್ತಾಳೆ.

ತಟ್ಟೆ ಎತ್ತಿದರೆ ಬುಸ್ಸೆಂದು ಹಬೆ,
ಕನ್ನಡಕವೆಲ್ಲ ಮಂಜು;
ಒರೆಸಿ ನೋಡಿದರೆ ಅಬ್ಬ, ಎಂಥ ಹಸಿರು!
ಹಸಿಯಾಗಿದ್ದಾಗಲೂ ಇಷ್ಟು ಹಸಿರಿರಲಿಲ್ಲ.

ಅಪ್ಪ ಬಂದ, ಬೂಟಿನ ಹಿಮ ಕೊಡವಿದ.
ಒಂದು ಬೀನ್ಸು ಬಾಯಿಗಿಟ್ಟ. ಕಡಿದ.
ಒಲೆಯತ್ತ ನೋಡಿದ.
ಹೋಗಿ ಅಂಗೈಯಿಟ್ಟ:
ತಣ್ಣಗಿತ್ತು.

‘ಉಪ್ಪು?’ ಅಂದ.
ಅಯ್ಯೋ, ಅದೊಂದು ಮರೆತಿತ್ತು.