ಎರಡನೇ ಭಾಗದ ಹೊಲಿಗಿ

ಮಗ್ಗಕ್ಕ ರಜಾ ಇರಲಿಲ್ಲ, ಕರೆಂಟಿಗೆ ಇತ್ತು.
ಪದ್ಮಾ ಟಾಕೀಸಿನವರಿಗೆ ಜನರೇಟರ್ ಐತಿ, ನಮ್ಮ ಸಾವುಕಾರಗ ಇಲ್ಲ.
ಹಂಗಾಗಿ ಬನಹಟ್ಟಿ ಬಿಸಲಾಗ ಮಧ್ಯಾಹ್ನದ ಆಟಕ್ಕ ಹೋದ್ವಿ
ನಾನು, ತಂಗಿ ಮಗ ಸಮರ್ಥ,
ಅವನ ಕೊರಳಾಗ ಗಂಟು ಹಾಕಿದ ನೀಲಿ ಟವೆಲ್ಲು.

‘ನೀಲಗಾಳಿ’, ಭಾಗ ಎರಡು.

ಮೊದಲನೇದು ಮೂರು ವರ್ಷದ ಹಿಂದ ನೋಡಿದ್ದೆ.
ಅದರಾಗ ಅವಂಗ ನೆಟ್ಟಗ ಹಾರಾಕ ಬರತಿದ್ದಿಲ್ಲ,
ತಂತಿಗೆ ಸಿಕ್ಕೊಂತಿದ್ದ,
ಯಾರದೋ ಮಾಳಿಗಿ ಮ್ಯಾಲಿನ ಸಂಡಿಗಿ ತುಳದು
ಮುದುಕಿ ಕೈಲೆ ಬೈಸಿಕೊಂಡಿದ್ದ.
ಹಳೇ ಪಡದೆ ಕತ್ತರಿಸಿ ಅವ್ವ ಹೊಲದು ಕೊಟ್ಟಿದ್ಲು ಆ ಹಾರೂ ಬಟ್ಟಿ,
ಒಂದು ಅಂಚು ಉದ್ದ, ಒಂದು ಗಿಡ್ಡ.
ಆವಾಗ ಮನಸಿನ್ಯಾಗ ಅಂದಿದ್ದೆ: ಈ ಹುಡುಗ ನಮ್ಮಾಂವ.

ಈ ಸಲ ರೊಕ್ಕ ಬಾಳ ಸುರದಾರ.
ಊರು ಐದು ಬಿದ್ದವು, ಸೇತುವೆ ಎರಡು,
ಚಂದ್ರಗೂ ಒಂದು ಪೆಟ್ಟು ಹತ್ತಿತು.
ಯಾವ ಊರಾಗೂ ಒಬ್ಬಾಕಿ ಒಣಹಾಕಿದ ಬಟ್ಟಿ ಎತ್ತಿಕೊಂಡು ಒಳಗ ಓಡಲಿಲ್ಲ.
ಮಂದಿ ಇರದ ಊರು ಉಳಿಸಿದ್ರೇನು, ಕೆಡವಿದ್ರೇನು.
ಸಮರ್ಥ ಕುರ್ಚಿ ಮ್ಯಾಲ ನಿಂತಿದ್ದ.
ನಾ ನಿದ್ದಿ ಹೋದೆ.

ನಗಬ್ಯಾಡ್ರಿ.
ಇಪ್ಪತ್ತೆರಡು ವರ್ಷ ನಾಲ್ಕು ಮಗ್ಗದ ನಡುವ ನಿಂತ ಕಿವಿ ಇವು.
ಧಡಂ ಧುಡುಂ ಅಂದ್ರ ನಮಗ ಜೋಗುಳ.
ಲಾಳಿ ನಿಂತಾಗಷ್ಟ ಎಚ್ಚರ,
ಎಲ್ಲೋ ಎಳಿ ಹರೀತು ಅಂತ ತಿಳಿಯೂದ ಆವಾಗ.

ಹಂಗ ಎಚ್ಚರಾತು.
ಟಾಕೀಸ ತುಂಬ ಒಂದು ಸಪ್ಪಳಿಲ್ಲ.
ಪಡದೆ ಮ್ಯಾಲ ರಾತ್ರಿ, ಒಲಿ ಹಚ್ಚದ ಅಡಗಿ ಮನಿ.
ಅವ್ವ ಇಲ್ಲ. ಯಾವಾಗ ಹೋದ್ಲೋ, ನಿದ್ದ್ಯಾಗ ತಪ್ಪಿಸಿಕೊಂಡಿದ್ದೆ.
ಹರದ ಬಟ್ಟಿ ತೊಡಿ ಮ್ಯಾಲ ಹರವಿಕೊಂಡು
ಅಷ್ಟು ದೊಡ್ಡ ಗಂಡಸು ಸೂಜಿಗೆ ದಾರ ಪೋಣಿಸಾಕ ಹತ್ಯಾನ.
ಒಮ್ಮೆ ತಪ್ಪಿತು. ತುಟಿಗೆ ಹಚ್ಚಿ ತೋಯಿಸಿದ. ಮತ್ತ ತಪ್ಪಿತು.
ವಿಮಾನ ಹೊತ್ತ ಕೈ ಅದು.
‘ಬೆಳಕಿಗೆ ಹಿಡಿಯೋ ತಮ್ಮಾ’ ಅಂದ್ಲು
ಹಿಂದಿನ ಸಾಲಿನಿಂದ ಕಂಡಕಿ ಸುತ್ತೂ ಕಸ್ತೂರೆವ್ವ.
ಯಾರೂ ನಗಲಿಲ್ಲ. ಅರ್ಧ ಟಾಕೀಸು ನೇಕಾರರದು.

ಆ ಮೂರು ನಿಮಿಷಕ್ಕ ನನ್ನ ನೂರು ರೂಪಾಯಿ ಹೊಳ್ಳಿ ಬಂದ್ವು.

ಆಮ್ಯಾಲ ಏನು ಮಾಡಿದ್ರು ಕೇಳ್ರಿ.
ಮರುದಿನ ಮುಂಜಾನೆ ಹಾರಿದ,
ಬಟ್ಟಿ ಬೆನ್ನ ಹಿಂದ ಪಟಪಟಾ ಬಿಚ್ಚಿಕೊಂತು,
ಕುರ್ಚಿ ತುದಿಗೆ ಬಂದು ಹುಡುಕಿದೆ,
ಹೊಲಿಗಿ ಇಲ್ಲ!
ಅಂಚು ಸಮ, ಸುಕ್ಕಿಲ್ಲ, ಹಾಸಿಲ್ಲ, ಹೊಕ್ಕಿಲ್ಲ, ತೂಕ ಇಲ್ಲ,
ಗಾಳಿ ಎಡಕ್ಕ ಬೀಸಿದ್ರ ಬಟ್ಟಿ ಬಲಕ್ಕ ಹಾರತೈತಿ.
ಕಂಪ್ಯೂಟರಿನ್ಯಾಗ ನೇದದ್ದಂತ, ಬಾಜೂ ಹುಡುಗ ಹೇಳಿದ.
ರಾತ್ರಿ ಎಲ್ಲಾ ಕುಂತು ಹೊಲದದ್ದು ಹಂಗಾರ ಯಾರ ಬಟ್ಟಿ?

ಖಳನಾಯಕ ಚಲೋ ಅದಾನ, ಸುಳ್ಳ್ಯಾಕ ಹೇಳ್ಲಿ.
ನಕ್ಕಾಗ ಹಲ್ಲಿಗೆ ಕೈ ಅಡ್ಡ ಹಿಡೀತಾನ,
ಮಗಳ ಶಾಲಿ ಚೀಲ ಹೊತ್ತು ಬಸ್ಸಿನತನಕ ಹೋಗಿ
ಆಮ್ಯಾಲ ಊರು ಸುಡಾಕ ಹೊಂಡತಾನ.
ಅಂಥವನ್ನ ಕೊಲ್ಲಲೂ ಇಲ್ಲ, ಉಳಿಸಲೂ ಇಲ್ಲ,
ಹೊಳ್ಯಾಗ ಅವನ ಒಂದು ಚಪ್ಪಲಿ ತೇಲಬಿಟ್ಟು ದೀಪ ಹಚ್ಚಿದ್ರು.
ಮೂರನೇ ಭಾಗಕ್ಕ ಮುಂಗಡ.
ಮುಂಗಡ ಅಂದ್ರೇನಂತ ನಮಗ ಯಾರೂ ಕಲಿಸಬೇಕಾಗಿಲ್ಲ.

ಹೊರಗ ಸೈಕಲ್ ಸ್ಟ್ಯಾಂಡಿನ ಕಬ್ಬಿಣಕ್ಕ ಸಿಕ್ಕು
ಪರ್ರಂತ ಹರೀತು ಸಮರ್ಥನ ಟವೆಲ್ಲು.
ಅಳಲಿಲ್ಲ. ಮನಿಗೆ ಬಂದು ದಾರದ ಡಬ್ಬಿ ತಂದಿಟ್ಟ.
ನೀಲಿ ತಗದೆ.
‘ಕೆಂಪು ಹಾಕು ಮಾಮಾ.’
ಕಾಣತೈತೋ ಅಂದೆ.
‘ಅದಕ್ಕ.’

ನಾಲ್ಕು ಹೊಲಿಗಿ ಹಾಕಿದ್ದೆನೋ ಇಲ್ಲೋ, ಕರೆಂಟ್ ಬಂತು,
ಓಣಿ ತುಂಬ ಮಗ್ಗ ಒಮ್ಮೆಲೆ ಸುರು.
ಸೂಜಿ ಅಂಗಿಗೆ ಚುಚ್ಚಿಕೊಂಡು ಎದ್ದೆ.
ಅಂವ ಏನೋ ಒದರಿದ ಹಿಂದಿನಿಂದ,
ನನಗ ಕೇಳಿಸಲಿಲ್ಲ.