ಇನ್ನೊಂದು ಅಂಗಡಿ

ಯಾದಗಿರಿ ಡಾಕ್ಟರು ನನ್ನ ಕೈ ಮುಟ್ಟಲಿಲ್ಲ.
ಕಾಗದ ನೋಡಿದರು.
ಒಂದು ನಂಬರಿನ ಸುತ್ತ ಕೆಂಪು ಪೆನ್ನಿಲೆ ಗುಂಡಗ ಗೆರಿ ಎಳದು
"ಸಂಧಿವಾತ. ಶುರು ಆಗೋಹಂಗ ಕಾಣ್ತದ" ಅಂದರು.
ಆ ಗೆರಿ
ತೊಟ್ಟಿಲ ಕೂಸಿನ ಕರಿಬಳಿಯಷ್ಟಿತ್ತು.

ನಂಗ ನಲವತ್ಮೂರು.
ನಮ್ಮ ಅಮ್ಮೀದು ಎಪ್ಪತ್ತರಾಗೂ
ಎಳಿ ಬೆಂಡಿಕಾಯಿಯಂಥ ಬೆರಳು.

ಗಾಂಧಿ ಚೌಕಿನ ಮೂಲ್ಯಾಗ ನಮ್ಮ ಬಳಿ ಅಂಗಡಿ.
"ಈ ಸೈಜು ನಿನಗ ಹೋಗಂಗಿಲ್ಲ ತಂಗಿ" ಅಂತ
ಬ್ಯಾರೆ ಕಡಿ ಅನ್ನಿಸ್ಕೊಂಡು ಬಂದ ಹೆಣ್ಮಕ್ಕಳು
ಕಡೀಕ ನನ್ನ ಮುಂದ ಕೈ ಚಾಚ್ತಾರ.
"ಖೈರುನ್ನಕ್ಕ, ನೀ ಒಮ್ಮಿ ನೋಡು."
ಹೆಬ್ಬಟ್ಟಿನ ಬುಡ ಒತ್ತಿ,
ಗೆಣ್ಣು ಒಂದರ ಮ್ಯಾಲೊಂದು ಮಲಗಿಸಿ,
ಯಾರ ಮದಿವಿ, ಯಾ ಊರು, ಅತ್ತಿ ಚಲೋ ಅದಾಳೇನು
ಅಂತ ಮಾತಾಡಸ್ಕೋತ ಇರೂದ್ರಾಗ
ಬಳಿ ಒಳಗ.
ಒಡಿಯಂಗಿಲ್ಲ, ಗೀರಂಗಿಲ್ಲ.
ಹಂಗ ನೋಡಿದರ
ಊರಿಗೆಲ್ಲ ಎರಡನೇ ಮಾತು ನಾನೇ.

ಈಗ ನಾನೇ ಇನ್ನೊಂದು ಅಂಗಡಿಗೆ ಹೊಂಟೀನಿ.
ಪ್ಲಾಸ್ಟಿಕ್ ಚೀಲದಾಗ ಫೈಲು, ಎಕ್ಸ್‌ರೇ,
ಎರಡು ರೊಟ್ಟಿ, ಶೇಂಗಾ ಹಿಂಡಿ. ಜೋಡಿಗೆ ತಂಗಿ ಮಗಳು ನುಸರತ್.
ನಾಲವಾರ ದಾಟಿತು. ವಾಡಿ.
ಕಿಡಕಿ ಮ್ಯಾಲ ಸಿಮೆಂಟಿನ ಧೂಳು.
ಶಹಾಬಾದಿನ್ಯಾಗ ಕಲ್ಲಿನ ಮ್ಯಾಲ ಕಲ್ಲು, ಪದರು ಪದರು,
ನಡುವ ಕೂದಲೆಳಿಯಷ್ಟು ಸಂದು.
ನನ್ನ ಗೆಣ್ಣಿನ ಸಂದು ಎಷ್ಟು ಉಳದದ ಅಂತ
ಎಕ್ಸ್‌ರೇ ಬಿಸಲಿಗೆ ಹಿಡಿದೆ.
ಎದುರ ಸೀಟಿನ ಮುದುಕ ತಾನೂ ಬಗ್ಗಿ ನೋಡಿ
"ಕೈ ಚಂದ ಬಂದಾವ" ಅಂದ,
ಫೋಟೋ ತಗಸ್ಕೊಂಡು ಬಂದವರಿಗೆ ಅನ್ನೋಹಂಗ.

ಕಲಬುರಗಿ ಆಸ್ಪತ್ರಿ. ಮೂವತ್ತೊಂದನೇ ಚೀಟಿ.
ಬೆಂಚಿನ ಮ್ಯಾಲೆಲ್ಲ ಕೈಗಳು.
ಚಟ ನೋಡ್ರಿ ನಂದು:
ಎರಡು-ಆರು, ಎರಡು-ಎಂಟು, ಈಕಿದು ಮತ್ತ ಎರಡು-ಆರು.
ಮೂಲ್ಯಾಗಿನ ಆಯಿದು ಬಾತದ, ಬೆರಳು ಒಂದೇ ಕಡಿ ವಾಲ್ಯಾವ,
ಯಾ ಬಳೀನೂ ಹೋಗಂಗಿಲ್ಲ.
ಆಕಿ ಕೈ ನೋಡಬಾರದಂತ
ಫ್ಯಾನು ನೋಡ್ಕೋತ ಕುಂತೆ.

ಡಾಕ್ಟರಮ್ಮಂದು ಸಣ್ಣ ವಯಸ್ಸು. ಫೈಲು ಬದಿಗಿಟ್ಟರು.
"ಕೈ ಕೊಡ್ರಿ."
ಒಂದೊಂದೇ ಗೆಣ್ಣು ಒತ್ತಿದರು, ಬುಡದಿಂದ ತುದೀಗೆ,
ನಾ ಒತ್ತೋ ಹಂಗೇ, ಮಾತಾಡಸ್ಕೋತ.
"ಮುಂಜಾನಿ ಎಷ್ಟೊತ್ತು ಬಿಗಿ ಇರ್ತಾವ?"
ಅಷ್ಟೊತ್ತಿಗೆ ಗಡಿಯಾರ ಯಾರು ನೋಡ್ತಾರ?
ಫಜರ್ ಬಾಂಗಿನಿಂದ
ಹಾಲಿನ ಶರಣವ್ವ ಬಾಗಲಾ ಬಡಿಯೋತನ, ಅಂದೆ.
ಅವರು ನಗಲಿಲ್ಲ.
"ಶರಣವ್ವ ಎಷ್ಟಕ್ಕ ಬರ್ತಾಳ?"
"ಏಳಕ್ಕ."
ಬರಕೊಂಡರು.

ನಡುಬೆರಳಿನ ಗೆಣ್ಣಿಗೆ ಬಂದಾಗ
ಮದುಮಗಳು ಅನ್ನೋಹಂಗ
ಹಾ ಅಂದೆ.

"ಅವರು ಹೇಳಿದ್ದು ತಪ್ಪಲ್ಲ ನೋಡ್ರಿ.
ಇನ್ನೊಂದು ರಕ್ತ ಪರೀಕ್ಷಾ ಆಗ್ಲಿ, ಆಮ್ಯಾಲ ಗುಳಗಿ.
ನನಗೂ ಹಂಗೇ ಅನಸ್ತದ. ಬೇಗ ಬಂದೀರಿ, ಚಲೋ ಆತು."

ಎರಡೂ ಅಂಗಡ್ಯಾಗ ಅದೇ ಸೈಜು.
ಸಿಟ್ಟು ಬಂತು, ಆಕಿ ಮ್ಯಾಲಲ್ಲ.
ಮುಟ್ಟದೇ ಹೇಳಿದಾತನೂ
ಖರೆ ಹೇಳಿದ್ದನಲ್ಲ, ಅದಕ್ಕ.

"ಬಳಿ ತೊಡಸೋದು ಬಿಡಬೇಕೇನ್ರಿ?"
ನನ್ನ ಕೈ ಅವರು ಇನ್ನೂ ಬಿಟ್ಟಿರಲಿಲ್ಲ.
"ಶರಣವ್ವ ಬಂದು ಹೋದ ಮ್ಯಾಲ ತೊಡಸ್ರಿ."

ವಾಪಸ್ ಬರ್ತಾ ವಾಡ್ಯಾಗ ಗಾಡಿ ನಿಂತೇಬಿಟ್ಟಿತು.
ಚಹಾದ ಕಪ್ಪು ಎರಡೂ ಕೈಲೆ ಹಿಡಿದೆ,
ಕುಡಿಯೋಕಿಂತ ಹಿಡಿಯೋದೇ ಹಿತ.
"ಮೂರನೇ ಕಡಿ ತೋರಸೋಣೇನ್ ಖಾಲಾ?" ನುಸರತ್ ಕೇಳಿದಳು.
ಕಿರಿಬೆರಳು ಹೆಬ್ಬಟ್ಟಿಗೆ ಮುಟ್ಟಸ್ಲಾಕತ್ತಿದ್ದೆ.
ಇನ್ನೊಂದೀಟು ಉಳದಿತ್ತು.

ಡಾಕ್ಟರಮ್ಮಂದು ಎರಡು-ನಾಕು, ಅಂದೆ.
ಬರಿಗೈ.
ಹಸರು ಒಪ್ತದ.