ಹೆಬ್ಬೆಟ್ಟು

ದಿನದ ಮೊದಲ ಕೆಲಸ ಕಾಲುಚೀಲ ಮೂಸುವುದು,
ಎರಡು ಜೊತೆಯಲ್ಲಿ ಯಾವುದು ಇನ್ನೊಂದು ದಿನ ತಡೆದೀತು ಅಂತ.
ಆಮೇಲೆ ಗುಡಾರದ ಗೂಟ ಎಣಿಸುವುದು. ಎಂಟು.
ಮೊನ್ನೆಯವರೆಗೆ ಒಂಬತ್ತಿತ್ತು,
ಒಂದನ್ನು ಪತಗೋನಿಯಾ ಇಟ್ಟುಕೊಂಡಿತು.

ಹನ್ನೊಂದು ಕಡ್ಡಿ ಗೀರಿದೆ. ಗಾಳಿ ಹನ್ನೊಂದನ್ನೂ ಊದಿತು.
ತಣ್ಣೀರಿಗೇ ಕಾಫಿಪುಡಿ ಕದಡಿ
ಔಷಧಿಯೆಂದು ಕುಡಿದೆ.

ನಲವತ್ತನೇ ನಂಬರಿನ ರಸ್ತೆ.
ಬೇಲಿಯಾಚೆ ಒಂದು ಗ್ವನಾಕೋ,
ಒಂಟೆಯ ಬಡ ನೆಂಟ, ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿದೆ.
ಬೆನ್ನಿನ ಮೂಟೆ ಇಳಿಸಿ, ಅದರ ಮರೆಗೆ ನಿಂತು
ಹೆಬ್ಬೆಟ್ಟು ಚಾಚಿದೆ.

ಅಜ್ಜಿ ಸೊಸೈಟಿಯಲ್ಲಿ ಸೀಮೆಎಣ್ಣೆಗೆ ಒತ್ತುತ್ತಿದ್ದದ್ದು ಇದೇ ಬೆರಳು.
ಒತ್ತಿ, ಉಳಿದ ಶಾಯಿಯನ್ನು ಗೋಡೆಗೆ ಒರೆಸಿ,
ಯಾರೂ ನೋಡಲಿಲ್ಲ ತಾನೆ ಎಂದು ನೋಡುತ್ತಿದ್ದಳು.
ಎರಡು ಡಿಗ್ರಿ ಮಾಡಿದ ನಾನು ಇಲ್ಲಿ
ಮೈಲಿಗಲ್ಲಿನ ಕೆಳಗೆ ಬರೆದದ್ದು ಓದಲಾರದೆ
ಅದನ್ನೇ ಒತ್ತುತ್ತಿದ್ದೇನೆ, ಗಾಳಿಯ ಮೇಲೆ.

ಗಂಟೆಗೆ ನಾಲ್ಕು ವಾಹನ.
ಒಂದರ ತುಂಬ ಕುರಿ, ಓಡಿಸುವವನ ತಲೆ ಕಾಣಲಿಲ್ಲ.
ಒಂದರಲ್ಲಿ ಮುದಿ ದಂಪತಿ,
ರೈಲಿನಿಂದ ಮಕ್ಕಳು ಬೀಸುವ ಹಾಗೆ ಕೈ ಬೀಸಿ ಹೋದರು.
ಮೂರನೆಯವನು ಬೆರಳು ತಿರುವಿ ತೋರಿಸಿದ:
ಇಲ್ಲೇ ಮುಂದೆ ತಿರುಗಿಬಿಡುತ್ತೇನೆ, ತಾಯಿ.
ಮುಂದೆ ತಿರುವೇ ಇರಲಿಲ್ಲ.

ಅನ್ಸೆಲ್ಮೋನ ಲಾರಿಯಲ್ಲಿ ಉಣ್ಣೆಯ ಪಿಂಡಿಗಳು.
ಅವನ ಇಂಗ್ಲಿಷು ಎರಡು ಪದ, ನನ್ನ ಸ್ಪ್ಯಾನಿಷು ಮೂವತ್ತು,
ಅದರಲ್ಲಿ ಹನ್ನೆರಡು ತರಕಾರಿ.
ಮೊಣಕಾಲಲ್ಲಿ ಸ್ಟಿಯರಿಂಗ್ ಹಿಡಿದು ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿದ,
ತಾನೊಮ್ಮೆ ಹೀರಿ, ಮತ್ತೆ ತುಂಬಿಸಿ, ನನ್ನತ್ತ ಚಾಚಿದ.
ಒಂದೇ ಕೊಳವೆ.
ಎಂಜಲು, ಎಂದಿತು ಒಳಗಿನ ಯಾರೋ ಮಡಿಹೆಂಗಸು.
ಅವಳನ್ನು ಸುಮ್ಮನಿರಿಸಿ ಹೀರಿದೆ. ಬೇವಿನ ಕಹಿ, ಹೊಗೆಯ ವಾಸನೆ.
ಬುರುಡೆ ಮರಳಿಸಿ, ನಾಲಿಗೆ ತಿದ್ದಿ ಹೇಳಿದೆ: ಗ್ರಾಸಿಯಾಸ್.

ಆಮೇಲೆ ಎಂಬತ್ತು ಕಿಲೋಮೀಟರು
ಬುರುಡೆ ನನ್ನ ಕಡೆ ಸುಳಿಯಲಿಲ್ಲ.
ತುಂಬಿಸಿದ, ಹೀರಿದ. ತುಂಬಿಸಿದ, ಹೀರಿದ.
ನಾನು ಕಿಟಕಿಯಾಚೆಯ ಏನೂ ಇಲ್ಲದ್ದನ್ನು ನೋಡುತ್ತ
ಆ ಅರೆಗಳಿಗೆಯ ಅನುಮಾನ ನನ್ನ ತುಟಿಯ ಮೇಲೆ
ಅವನಿಗೆ ಕಂಡೇಬಿಟ್ಟಿತೆಂದು ಬೆಂದೆ.

ಬಾಹೋ ಕಾರಕೋಲೆಸ್. ಪೆಟ್ರೋಲು, ಮೊಟ್ಟೆ, ಹಗ್ಗ, ಮೇಣದಬತ್ತಿ,
ಎಲ್ಲ ಒಂದೇ ಕೋಣೆಯಲ್ಲಿ ಮಾರುವ ಒಟಿಲಿಯಾ
ಅವನಿಂದ ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕಳು.
ಬುರುಡೆ ಕೊಡುವಾಗ ಗ್ರಾಸಿಯಾಸ್ ಅಂದರೆ
ಸಾಕು ಅಂತ, ಮಗಳೇ. ಇನ್ನು ಬೇಡ ಅಂತ.

ಗಲ್ಲಾದ ಮುಂದೆ ನಿಂತು ಯೋಚಿಸಿದೆ:
ನಮ್ಮಲ್ಲಿ ನೀರು ಕೊಟ್ಟವರಿಗೆ ಯಾರು ಧನ್ಯವಾದ ಹೇಳಿದ್ದಾರೆ?
ಆ ಪದ ಸಭೆಯ ಕೊನೆಗೆ, ವಂದನಾರ್ಪಣೆಗೆ,
ಎಲ್ಲರೂ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ.

ರಾತ್ರಿ ಅಂಗಡಿಯ ಹಿಂದೆ, ಡಬ್ಬಗಳ ಸಾಲಿನ ಮರೆಯಲ್ಲಿ ಗುಡಾರ.
ಖರ್ಚಿನ ಪುಸ್ತಕ: ಮೊಟ್ಟೆ ಎರಡು, ಹಗ್ಗ ಒಂದು ಮಾರು.
ಕಾಲುಚೀಲ ಒಗೆದು ಹೊಸ ಹಗ್ಗಕ್ಕೆ ಹಾಕಿದೆ,
ಅರ್ಧ ಗಂಟೆಗೆ ಹಲಗೆಯಾಗಿ ಸೆಟೆದವು.
ತಲೆ ಹೊರಗಿಟ್ಟು ನೋಡಿದರೆ ಚಂದಿರ,
ಅದರೊಳಗೆ ಮೊಲ ತಲೆಕೆಳಗಾಗಿ,
ಕಿವಿ ಹಿಡಿದು ಯಾರೋ ಎತ್ತಿದಂತಲ್ಲ,
ಎಲ್ಲಿಂದಲೋ ಬೀಳುತ್ತಲೇ ಇರುವಂತೆ.

ಬೆಳಗ್ಗೆ ಹಾರನ್ನು. ಲಾರಿ ಇನ್ನೂ ಇತ್ತು.
ಹತ್ತಿ ಕೂತೆ. ಬಾಯಿ ಬಿಗಿದೆ.
ಬುರುಡೆ ಬಂತು. ಹೀರಿ ಕೊಟ್ಟೆ. ಮತ್ತೆ ಬಂತು.
ಐದನೆಯದಕ್ಕೆ ಅವನು ಫ್ಲಾಸ್ಕನ್ನೇ ನನ್ನ ಮಡಿಲಿಗಿಟ್ಟು
ಎರಡೂ ಕೈ ಸ್ಟಿಯರಿಂಗಿಗೆ ಕೊಟ್ಟ.
ಮೊದಲು ಅರ್ಧ ನನ್ನ ಪ್ಯಾಂಟಿಗೆ ಸುರಿದೆ.
ಮಡಿಹೆಂಗಸು ಎಲ್ಲಿಳಿದಳೋ, ಗಮನಿಸಲಿಲ್ಲ.

ಗ್ರೆಗೋರೆಸ್ ದಾಟಿ ಅವನು ಸಮುದ್ರದ ಕಡೆ ಹೊರಳಬೇಕು.
ಇಳಿದೆ, ಮೂಟೆ ಎಳೆದುಕೊಂಡೆ.
ಪದ ತುಟಿಗೆ ಬಂತು, ನುಂಗಿದೆ.
ಹೆಬ್ಬೆಟ್ಟು ಎತ್ತಿ ತೋರಿಸಿದೆ. ಅವನೂ ತನ್ನದನ್ನೆತ್ತಿದ,
ಗ್ರೀಸು ಮೆತ್ತಿದ, ಉಗುರು ಕಪ್ಪಾದ ದಪ್ಪ ಹೆಬ್ಬೆಟ್ಟು.

ಧೂಳು ಇಳಿಯುವವರೆಗೂ ನಿಂತೆ.
ಕೈ ಕೆಳಗಿಳಿಸದೆ, ಹಾಗೇ ಸ್ವಲ್ಪ ಪಕ್ಕಕ್ಕೆ ಹೊರಳಿಸಿ,
ಮುಂದಿನ ಗಾಡಿಗೆ ಕಾದೆ.